ಒರೆಸದೆ ಬಿಟ್ಟ ಉಗುರು

ಬಿಸಿ ಅರಗಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಲೇತಿನಲ್ಲಿ ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುತ್ತದೆ. ಆಗ ಏಳುವ ವಾಸನೆ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಒಗ್ಗರಣೆಯಷ್ಟೇ ಸಾಮಾನ್ಯ. ಇವತ್ತು ಬೆಳಿಗ್ಗೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅಣ್ಣನ ಲೇತಿನ ಕಡೆಯಿಂದ ಬಂತು. ನೀಲಿ ಅರಗು ಅಂತ ನೋಡದೆಯೇ ಹೇಳಿದೆ. ಬಣ್ಣಕ್ಕೊಂದು ವಾಸನೆ ಇರುತ್ತದೆಯೇ ಎಂದು ಅಣ್ಣ ನಗುತ್ತಾನೆ. ನನಗೆ ನೀಲಿಯದು ಮಾತ್ರ ಗೊತ್ತಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾನು ಓದಿದ್ದು ಐದನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದೆ. ಅವನು ಬೊಂಬೆ ಕಡೆಯುತ್ತಾನೆ, ನಾನು ಕಣ್ಣು ಮೂಗು ಬರೆಯುತ್ತೇನೆ. ನಾನು ಬರೆದ ಬೊಂಬೆಗಳೆಲ್ಲ ನಮ್ಮ ಸೋದರತ್ತೆಯ ಹಾಗೆ ಗುರಾಯಿಸುತ್ತವೆ ಎಂಬುದು ಅವನ ದೂರು. ಅರಗನ್ನು ಕಾಯಿಸಿ, ಬಣ್ಣದ ಪುಡಿ ಸೇರಿಸಿ ಹಿಟ್ಟಿನಂತೆ ನಾದುವುದೂ ಅವನೇ. ಹೀಗಾಗಿ ಅವನ ಉಗುರುಗಳು ಒಂದು ವಾರ ಕೆಂಪು, ಒಂದು ವಾರ ಹಳದಿ.

ಕೆಲವು ವರ್ಷಗಳ ಹಿಂದಿನ ಆ ವಾರ ನೀಲಿ. ಆನೆಗಳ ಆರ್ಡರ್ ಬಂದಿತ್ತು, ಅಣ್ಣನಿಗೆ ಜ್ವರ, ಕೆಮ್ಮು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬೆರಳಿಗೆ ಕಚ್ಚಿಸುವ ಪುಟ್ಟ ಮಿಷನ್ ಕೊಟ್ಟು ಹೋದಳು. ಮೇಲಿನ ಅಂಕಿ ರಕ್ತದಲ್ಲಿರುವ ಆಮ್ಲಜನಕ, ತೊಂಬತ್ತಕ್ಕಿಂತ ಇಳಿದರೆ ಆಸ್ಪತ್ರೆಗೆ ಓಡಬೇಕು, ಕೆಳಗಿನದು ಎದೆಬಡಿತ. "ಉಗುರಿಗೆ ಬಣ್ಣ ಇದ್ರೆ ತಪ್ಪು ತೋರಿಸ್ಬೋದು. ಒರೆಸಿ ಹಾಕಕ್ಕ" ಎಂದಿದ್ದಳು.

ಮಾರನೆಯ ದಿನ ಮಧ್ಯಾಹ್ನ ಹಾಕಿದೆ. ಮೇಲೆ ಎಂಬತ್ತೇಳು, ಕೆಳಗೆ ನೂರಿಪ್ಪತ್ತು.

"ಎಷ್ಟೈತಮ್ಮಿ?" ಎಂದ ಅಣ್ಣ.

"ಎಂಬತ್ತೇಳು. ನಿನ್ ಉಗುರ್ ನೋಡು, ನೀಲಿ ಕಂಡು ಮಿಷನ್ನೇ ಮಂಕಾಗೈತೆ."

"ಹಂಗಾರೆ ಇನ್ನೆರಡು ಆನೆ ಕಡೆದ್ಬುಡ್ತೀನಿ."

ಬಣ್ಣ ಇದ್ದರೆ ತಪ್ಪು ತೋರಿಸಬಹುದು ಎಂದ ಆಶಾ ಕಾರ್ಯಕರ್ತೆಯ ಮಾತು ಇಟ್ಟುಕೊಂಡೆ, ಒರೆಸು ಎಂದದ್ದನ್ನು ಬಿಟ್ಟೆ. ಅರಗು ಬಿಡಿಸುವ ಸ್ಪಿರಿಟ್ ಬಾಟಲಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಮರೆವಲ್ಲ, ಭಯ. ಒರೆಸಿದ ಮೇಲೂ ಅಂಕಿ ಏರದಿದ್ದರೆ? ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ಒಬ್ಬಳೇ ವಾಪಸ್ ಬಂದಿದ್ದೆ.

ಮರುದಿನ ಬೆಳಿಗ್ಗೆ ಅಣ್ಣ ಬಚ್ಚಲಿಗೆ ಹೋಗುವಾಗ ನಡುಮನೆಯಲ್ಲೇ ಕುಸಿದು ಕೂತ. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ನರ್ಸ್ ಸ್ಪಿರಿಟ್ ಹಚ್ಚಿ ಅವನ ಉಗುರು ಉಜ್ಜಿದಳು. ಬಣ್ಣ ಹೋಯಿತು, ನೀಲಿ ಹೋಗಲಿಲ್ಲ. ಅರಗಿನ ನೀಲಿಯ ಕೆಳಗೆ, ಆಮ್ಲಜನಕ ಸಾಲದೆ ಉಗುರೇ ನೀಲಿಯಾಗಿತ್ತು.

"ಯಾವಾಗಿಂದ ಹೀಗಿದೆ?" ಎಂದರು ಡಾಕ್ಟರಮ್ಮ.

"ಇವತ್ತು ಬೆಳಿಗ್ಗೆಯಿಂದ" ಎಂದೆ. ಆಕ್ಸಿಜನ್ ಮಾಸ್ಕಿನೊಳಗಿಂದ ಅಣ್ಣ ನನ್ನನ್ನು ನೋಡಿದ.

ಅವನು ಚೇತರಿಸಿಕೊಂಡ ಮೇಲೆ ಕೆಳಗಿನ ಅಂಕಿ, ಆ ಎದೆಬಡಿತದ್ದು, ಯಾಕೆ ಏರುತ್ತದೆ ಎಂದು ಕೇಳಿದೆ. ಡಾಕ್ಟರಮ್ಮ ಬೇಸರಿಸದೆ ಹೇಳಿದರು: "ಬಿಂದಿಗೆ ಅರ್ಧ ತುಂಬಿದ್ರೆ ನೀರು ಹೊರೋರು ಎರಡು ಸಲ ಓಡ್ಬೇಕಲ್ವೇನಮ್ಮ? ರಕ್ತದಲ್ಲಿ ಆಮ್ಲಜನಕ ಕಮ್ಮಿಯಾದ್ರೆ ಹೃದಯಾನೂ ಹಾಗೇ ಓಡುತ್ತೆ. ಜಾಸ್ತಿ ರಕ್ತ ಸಿಗ್ಲಿ ಅಂತ ಮೆದುಳಿಗೆ ಹೋಗೋ ರಕ್ತನಾಳ ಅಗಲ ಆಗುತ್ತೆ. ಶ್ವಾಸಕೋಶದಲ್ಲಿ ಮಾತ್ರ ಉಲ್ಟಾ. ಗಾಳಿ ಸಿಗದ ಕಡೆ ನಾಳ ಬಿಗಿಯಾಗಿ, ಗಾಳಿ ಇರೋ ಕಡೆಗೆ ರಕ್ತ ತಿರುಗುತ್ತೆ."

ಗದ್ದೆಗೆ ನೀರು ಕಟ್ಟುವವರು ಒಂದು ಪಾತಿಯ ಬಾಯಿ ಮುಚ್ಚಿ ಇನ್ನೊಂದನ್ನು ತೆರೆಯುತ್ತಾರಲ್ಲ, ಹಾಗೆ ಅಂದುಕೊಂಡೆ. "ತುಂಬ ಕಡೆ ಬಿಗಿಯಾದ್ರೆ ರಕ್ತ ತಳ್ಳೋಕೆ ಹೃದಯಕ್ಕೇ ಕಷ್ಟ" ಎಂದೂ ಅವರು ಸೇರಿಸಿದರು. ನಾನು ಮಿಷನ್ನನ್ನು ಬೈದು ಏನೂ ಆಗಿಲ್ಲದವಳಂತೆ ಆನೆಗೆ ಕಣ್ಣು ಬರೆಯುತ್ತಿದ್ದಾಗ, ಅಣ್ಣನ ಹೃದಯ ಅರ್ಧ ಬಿಂದಿಗೆ ಹೊತ್ತು ಓಡುತ್ತಿತ್ತು, ಮರುದಿನ ಬೆಳಗಿನ ತನಕ.

ಮನೆಗೆ ಬಂದ ಮೇಲೆ ಅಣ್ಣ ಅರಗು ನಾದುವ ಮುಂಚೆ ಎಡಗೈಯ ಉಂಗುರದ ಬೆರಳಿಗೆ ಬಟ್ಟೆ ಸುತ್ತಿಕೊಳ್ಳತೊಡಗಿದ. ಆ ಒಂದು ಉಗುರು ಈಗಲೂ ಬೆಳ್ಳಗಿದೆ. ಆಗಾಗ ನಾನು ಮಿಷನ್ ಕಚ್ಚಿಸುವುದು ಆ ಬೆರಳಿಗೇ.

ಇವತ್ತು ಆ ವಾಸನೆಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದೆ, ಮಡಿಲಿನ ಅವರೆಕಾಳೆಲ್ಲ ನೆಲಕ್ಕೆ.

"ಅಣ್ಣ, ಆವತ್ತು ಡಾಕ್ಟ್ರಿಗೆ ಸುಳ್ಳೇಳ್ದೆ. ಹಿಂದಿನ ದಿನಾನೇ ಎಂಬತ್ತೇಳಿತ್ತು."

ಲೇತು ನಿಂತಿತು. "ಎಷ್ಟೈತೆ ಅಂತ ಕೇಳ್ದೋನು ನಾನೇ ಅಲ್ವೇನಮ್ಮಿ?"

"ಸ್ಪಿರಿಟ್ ಪಕ್ಕದಲ್ಲೇ ಇತ್ತು. ಒರೆಸೋಕೆ ಭಯ ಆಯ್ತು."

"ಒರೆಸು ಅಂತ ಆವಮ್ಮ ಹೇಳ್ದಾಗ ನನ್ ಕಿವಿ ಏನ್ ಸಂತೆಗೋಗಿತ್ತಾ?" ಎಂದ. ಆಮೇಲೆ ಮೆಲ್ಲಗೆ, "ಭಾವ ಹೋದ್ಮೇಲೆ ನಿನ್ನ ಇನ್ನೊಂದ್ಸಲ ಆಸ್ಪತ್ರೆ ಬಾಗ್ಲಲ್ಲಿ ಕೂರಿಸ್ಬಾರ್ದು ಅಂತ ಸುಮ್ಕಿದ್ದೆ. ಇಬ್ರೂ ಸೇರ್ಕಂಡು ತಪ್ಪೆಲ್ಲ ಬಣ್ಣದ ಮೇಲೆ ಹಾಕ್ಬುಟ್ವಿ. ಹೋಗ್ಲಿ, ಅಳ್ಬೇಡ. ಅತ್ತೆ ಗುರಾಯಿಸ್ತಾವ್ಳೆ ನೋಡು" ಎಂದು ಕಪಾಟಿನ ಬೊಂಬೆಗಳನ್ನು ತೋರಿಸಿದ.

ನಗು ಬಂತು. ಅವನು ಅಭ್ಯಾಸದಂತೆ ಬಿಳಿ ಉಗುರಿನ ಬೆರಳು ಚಾಚಿದ. ನಾನು ಮಿಷನ್ ತರಲು ಹೋಗಲಿಲ್ಲ. ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ ಎಣಿಸಿದೆ. ಆತುರವೇ ಇಲ್ಲದ ಬಡಿತ.

"ಎಷ್ಟಮ್ಮಿ?"

"ಇರಣ್ಣ, ಲೆಕ್ಕ ತಪ್ಪೋಯ್ತು."

ಇದೊಂದು ಸುಳ್ಳು ಹೇಳಿ, ಹಿಡಿದ ಕೈ ಬಿಡದೆ, ಮತ್ತೆ ಒಂದರಿಂದ ಎಣಿಸತೊಡಗಿದೆ.