ಕಾಕಿ ಓಣಿ ನೋಡಿದ್ದು

ನಾನು ಬೀದರದಲ್ಲಿ ಓದಬೇಕೋ ಬೇಡವೋ ಎಂಬುದು ಕಾಕಿಯ ಕೈಯಲ್ಲಿತ್ತು. ಯೂನಿವರ್ಸಿಟಿ ಹತ್ತಿರದ ಓಣಿಗಳಲ್ಲಿ ಒಂದಾದರೂ ಅವಳ ಮನಸ್ಸಿಗೆ ಬಾರದಿದ್ದರೆ ನಾನು ನಮ್ಮೂರು ಹಲಬರ್ಗಾಕ್ಕೆ ವಾಪಸ್ಸು ಎಂದು ಅಪ್ಪ ಹೇಳಿಬಿಟ್ಟಿದ್ದ. ಕಾಕಿಯೋ ಯಾವುದಕ್ಕೂ ತಟ್ಟನೆ ಹೂಂ ಅನ್ನುವವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕತ್ತು ಓರೆ ಮಾಡಿ, "ತಡಿ, ನೋಡಮು" ಅನ್ನುತ್ತಿದ್ದಳು.

ಮೊದಲು ಹೋದದ್ದು ಒಂದು ಹೊಸ ಕಾಲೋನಿಗೆ. "ಭಾಳ ಶಾಂತ ಅದ್ರಿ, ಕ್ಯಾಮೆರಾ ಭೀ ಅದಾವ್ರಿ" ಎಂದ ಮನೆ ಮಾಲೀಕ. ಕಾಕಿ ನಡುರಸ್ತೆಯಲ್ಲಿ ನಿಂತು, "ಕಳ್ಳ ಬಂದಾನ್ರೋ!" ಎಂದು ಕಿರುಚಿದಳು. ಒಂದು ಬಾಗಿಲೂ ತೆರೆಯಲಿಲ್ಲ.

"ಕ್ಯಾಮೆರಾ ಓಡಿ ಬರ್ತದೇನ್ರಿ?" ಎಂದು ಅವನನ್ನು ಕೇಳಿ ಹೊರಟಳು.

ಮುಂದಿನ ಓಣಿಯಲ್ಲಿ ನಲ್ಲಿ ನೀರಿನ ಜಗಳ ಜೋರಾಗಿತ್ತು. ನನ್ನ ಹಾಸಿಗೆಯ ಗಾದಿ ಹೊತ್ತುಕೊಂಡ ಕಾಕಾ ಇನ್ನೂ ಹಿಂದೆ ಬರುತ್ತಿದ್ದ. ಕಾಕಿ ಮತ್ತೆ ಅದೇ ಕೂಗು ಹಾಕಿದಳು. ಜಗಳ ನಿಂತಿತು. ಕೊಡ ಹಿಡಿದವರು, ಕಸಬರಿಗೆ ಹಿಡಿದವರು, ಕೈತುಂಬ ರೊಟ್ಟಿ ಹಿಟ್ಟು ಮೆತ್ತಿಕೊಂಡವಳೊಬ್ಬಳು, ಎಲ್ಲರೂ ಓಡಿಬಂದು ಗಾದಿ ಸಮೇತ ಕಾಕಾನನ್ನು ಹಿಡಿದುಕೊಂಡರು.

"ನಾ ಆಕಿ ಗಂಡ ಇದ್ದೀನ್ರಿ!" ಎಂದು ಕಾಕಾ ಒದರಿದ.

ಓಣಿಯೆಲ್ಲ ಕಾಕಿಯತ್ತ ತಿರುಗಿತು. ಅವಳು ಕತ್ತು ಓರೆ ಮಾಡಿ, ಅವರ ಹಿಡಿತ ಎಷ್ಟು ಬಿಗಿಯಾಗಿದೆ ಎಂದು ಗಮನಿಸುತ್ತ, "ತಡಿ, ನೋಡಮು" ಎಂದಳು.

ನನಗೆ ಬಾಡಿಗೆ ಖೋಲಿ ಹಿಡಿದದ್ದು ಅದೇ ಓಣಿಯಲ್ಲಿ. ಒಂದು ದಿನ ಕ್ಲಾಸು ತಪ್ಪಿಸಿ, ಗೆಳತಿಯರ ಜೊತೆ ಸಿನಿಮಾ ನೋಡಿ ಬಂದೆ. ಚಪ್ಪಲಿ ಬಿಡುವಷ್ಟರಲ್ಲಿ ಹಲಬರ್ಗಾದಿಂದ ಫೋನು ಬಂತು.

"ಸಿನಿಮಾ ಹ್ಯಾಂಗಿತ್ತವಾ?" ಎಂದಳು ಕಾಕಿ.