ಸದುವಣ್ಣನ ಎಲೆ

ಪಕ್ಕದ ಫ್ಲಾಟಿನಿಂದ ಬಂಗುಡೆ ಮೀನಿನ ಪುಳಿಮುಂಚಿಯ ವಾಸನೆ ಬಂದರೆ ನನಗೆ ಕಾದಂಬರಿ ನೆನಪಾಗುತ್ತದೆ. ನಗಬೇಡಿ. ಅತ್ತಾವರದ ನಮ್ಮ ಹಳೆಯ ಮನೆಯಲ್ಲಿ ಇವೆರಡೂ ಒಂದೇ ಹೊತ್ತಿನವು. ದೊಡ್ಡಮ್ಮ ಅದಕ್ಕೆ ಹುಳಿ-ಮೆಣಸು ಕಲ್ಲಿನಲ್ಲಿ ಕಡೆಯುತ್ತಿದ್ದರೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಲೈಬ್ರರಿಯ ಕಾದಂಬರಿಯನ್ನು ಗಟ್ಟಿಯಾಗಿ ಓದಬೇಕು. ಅವರಿಗೆ ಅಕ್ಷರ ಬಾರದು, ಕತೆಯ ಹುಚ್ಚು ಮಾತ್ರ ವಿಪರೀತ. ಪಾತ್ರಗಳನ್ನು ನೆರೆಮನೆಯವರಂತೆ ಬೈಯುತ್ತಿದ್ದರು.

ಅವರ ಒಬ್ಬನೇ ಮಗ ಸದುವಣ್ಣ ಬೆಂಗ್ರೆಯ ಮೀನುಗಾರಿಕೆ ಬೋಟಿನಲ್ಲಿ ಕಡಲಿಗೆ ಹೋದವನು ಮರಳಲಿಲ್ಲ. ಬೋಟು ಮುಳುಗಿತ್ತು, ಹೆಣ ಸಿಕ್ಕಿರಲಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕಿ, ಅವರ ಇಷ್ಟದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮಲ್ಲಿ ಪದ್ಧತಿ. ಸದುವಣ್ಣನಿಗೆ ಎಲೆ ಹಾಕಲು ಮಾತ್ರ ದೊಡ್ಡಮ್ಮ ಬಿಡುತ್ತಿರಲಿಲ್ಲ. "ಬದುಕಿದವನಿಗೆ ಎಂತಕ್ಕೆ ಎಲೆ?" ಎಂದುಬಿಟ್ಟರೆ ಮತ್ತೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಅವನ ಹೆಸರೆತ್ತಲೂ ಮಕ್ಕಳಾದ ನಮಗೆ ಹೆದರಿಕೆ. ಮನೆಯಿಡೀ ಉಸಿರು ಬಿಗಿಹಿಡಿದು ಬದುಕುತ್ತಿತ್ತು.

ಒಂದು ಮಳೆಗಾಲ ಓದಿದ ಕಾದಂಬರಿಯಲ್ಲಿ, ಹೊಳೆಯಲ್ಲಿ ಮುಳುಗಿದ ಮಗನಿಗಾಗಿ ತಾಯಿಯೊಬ್ಬಳು ಮುಪ್ಪಿನವರೆಗೂ ಕಾಯುತ್ತಾಳೆ. ಅವನು ಸತ್ತದ್ದು ಓದುವವರಿಗೆ ಮೊದಲೇ ಗೊತ್ತು. ದೊಡ್ಡಮ್ಮ ಕಡೆಯುವುದನ್ನು ನಿಲ್ಲಿಸಿದರು.

"ಮಗ ಹೋದದ್ದು ಅವಳಿಗೆ ಗೊತ್ತಿಲ್ಲವಾ ಎಂತ?"

"ಗೊತ್ತುಂಟು ದೊಡ್ಡಮ್ಮ. ಒಪ್ಪಿಕೊಳ್ಳಲಿಕ್ಕೆ ಆಗುವುದಿಲ್ಲ ಅಷ್ಟೆ."

"ಹಾಗಾದ್ರೆ ಎಲೆ ಇಲ್ಲದೆ ಆ ಹುಡುಗ ಇಷ್ಟು ವರ್ಷ ಹಸಿದುಕೊಂಡೇ ಇದ್ದದ್ದಾ?"

ಅವರು ಕೈ ತೊಳೆದು ಎದ್ದುಹೋದರು.

ಆ ಆಟಿಯಲ್ಲಿ ಅವರೇ ಒಂದು ಎಲೆ ಹೆಚ್ಚು ಹಾಕಿದರು. ಸದುವಣ್ಣನಿಗೆ ಇಷ್ಟದ್ದು ಬಂಗುಡೆ; ಬೋಟುಗಳು ಕಡಲಿಗಿಳಿಯದ ಮಳೆಗಾಲದಲ್ಲಿ ತಾಜಾದ್ದು ಎಲ್ಲಿಂದ ಬರಬೇಕು? "ಐಸಿನದ್ದು ಅಂತ ಬೈಬೇಡ ಮಾರಾಯ, ಇವತ್ತು ಇದೇ ಸಿಕ್ಕಿದ್ದು" ಎನ್ನುತ್ತ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಬಂದವರೇ ಜಗಲಿಯಲ್ಲಿ ಕೂತು ಗೊಳೋ ಎಂದು ಅತ್ತರು. ಅಮ್ಮನೂ ಅತ್ತಳು, ಎಂದೂ ಅಳದ ದೊಡ್ಡಪ್ಪನೂ ಅತ್ತರು. ನನಗೋ, ನಾಚಿಕೆಯಿಲ್ಲದೆ ಹೇಳುತ್ತೇನೆ, ಎಂಥದೋ ಸಂತೋಷವಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಉಂಡೆವು, ಸದುವಣ್ಣನ ತುಂಟತನಗಳನ್ನು ಹೇಳಿಕೊಂಡು ನಕ್ಕೆವು.

ಆ ಮನೆಯ ಜಾಗದಲ್ಲಿ ಈಗ ನರ್ಸಿಂಗ್ ಹುಡುಗಿಯರ ಹಾಸ್ಟೆಲ್ ಉಂಟು. ದೊಡ್ಡಮ್ಮ ಹೋಗಿಯೂ ಬಹಳ ಕಾಲವಾಯಿತು. ಹೋಗುವಾಗ ಅವರು ಯಾರನ್ನೂ ಕಾಯುತ್ತಿರಲಿಲ್ಲ.