ಬಾಣಂತಿ ಕೋಣೆಯ ಕಿಟಕಿ

ಕೋಣೆಯ ಬಾಗಿಲು ತಳ್ಳಿದಾಗ ನನಗೆ ಮೊದಲು ಅನ್ನಿಸಿದ್ದು ಸಮಾಧಾನ. ಹುಟ್ಟಿದಾಗಿನಿಂದ ಅಳುತ್ತಲೇ ಇದ್ದ ಕೂಸು ಮಲಗಿತ್ತು. ಅದರ ಪಕ್ಕದಲ್ಲಿ ಹೊರಸಿನ ಮೇಲೆ ಅಕ್ಕ ಮಲಗಿದ್ದಳು. ನೆಲದ ಮೇಲೆ, ಕೂಸಿನ ಅರ್ಧ ಮಡಿಚಿದ ಲಂಗೋಟಿಯನ್ನು ಕೈಯಲ್ಲೇ ಹಿಡಿದು ಅವ್ವ ಮಲಗಿದ್ದಳು. ಬೆಳಗಿನ ಹನ್ನೊಂದು ಗಂಟೆ. ನಾನು ಬಾಗಿಲನ್ನು ಮತ್ತೆ ಎಳೆದುಕೊಳ್ಳುತ್ತ, ಹಿಂದೆ ನಿಂತಿದ್ದ ಡಾಕ್ಟರಿಗೆ ಪಿಸುಗುಟ್ಟಿದೆ. "ಮಲಗಲಿ ಬಿಡ್ರಿ. ಆಮ್ಯಾಲೆ ನೋಡೂಣು."

ಈ ಮಾತು ನನ್ನದು. ಇವತ್ತಿಗೂ ಕಿವಿಯಲ್ಲಿದೆ.

ಆ ಡಾಕ್ಟರ ಜೊತೆ ನಾನು ಆಗ ಒಂದು ವರ್ಷದಿಂದ ಕೆಲಸ ಮಾಡುತ್ತಿದ್ದೆ. ಧಾರವಾಡದ ಕಡೆಯವರು, ಮಕ್ಕಳ ಡಾಕ್ಟರು. ದೊಡ್ಡ ಆಸ್ಪತ್ರೆಯ ಕುರ್ಚಿ ಬಿಟ್ಟು ಪುಣೆಯ ಯೆರವಡಾದ ಗಲ್ಲಿಗಳಲ್ಲಿ ಮನೆಮನೆ ತಿರುಗುತ್ತಿದ್ದರು. ಯಾಕೆಂದು ಕೇಳಿದರೆ, "ದವಾಖಾನ್ಯಾಗ ಕುಂತ್ರ ಕೆಮ್ಮೋ ಕೂಸು ಬರ್ತದ. ಅದು ಕೆಮ್ಮೋ ಮನಿ ಬರೂದಿಲ್ಲಲ್ಲ" ಎನ್ನುತ್ತಿದ್ದರು. ಯಾವ ಮನೆಗೆ ಹೋದರೂ ನೇರ ಒಳಗೆ ಹೋಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೆ ಸುಮ್ಮನೆ ನಿಲ್ಲುತ್ತಿದ್ದರು. ಗೋಡೆಯ ಮಸಿ, ಒಲೆಯ ಜಾಗ, ಕಿಟಕಿ ಎಲ್ಲ ನೋಡಿ ಮುಗಿದ ಮೇಲೆಯೇ ಕೂಸಿನ ಕಡೆ ಕಣ್ಣು. ಗಲ್ಲಿಯ ಹೆಂಗಸರು ಮರಾಠಿಯಲ್ಲಿ ಹಂಗಿಸುತ್ತಿದ್ದರು, ಡಾಕ್ಟರಬಾಯಿಗೆ ಒಳಗೆ ಬರಲು ಮುಹೂರ್ತ ಬೇಕು ಎಂದು. ಅವರೂ ನಗುತ್ತಿದ್ದರು, ಆದರೆ ಕಾಲು ಮುಂದಿಡುತ್ತಿರಲಿಲ್ಲ.

ನನ್ನ ಕೆಲಸ ಫಾರ್ಮ್ ತುಂಬುವುದು. ಒಲೆ ಯಾವುದು, ಕಿಟಕಿ ಎಷ್ಟು, ತೆರೆದಿರುತ್ತದೆಯೇ, ಹೊಗೆ ಎಲ್ಲಿಗೆ ಹೋಗುತ್ತದೆ. ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನನ್ನ ಮನೆಯಲ್ಲಿ ಮಾತ್ರ ಕೇಳಿರಲಿಲ್ಲ.

ಅಕ್ಕನ ಹೆರಿಗೆಯಾಗಿತ್ತು. ಬಾಣಂತನಕ್ಕೆಂದು ಅವ್ವ ಬೆಳಗಾವಿಯಿಂದ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂದಿದ್ದಳು. ಎಣ್ಣೆ ನೀರಾದ ಮೇಲೆ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಟ್ಟು, ಅದಕ್ಕೆ ಅಜವಾನ, ಬಳ್ಳೊಳ್ಳಿ ಸಿಪ್ಪೆ ಉದುರಿಸಿ ತಾಯಿಗೂ ಕೂಸಿಗೂ ಕಾಸುವುದು ನಮ್ಮಲ್ಲಿ ಪದ್ಧತಿ. ಕೆಂಡ ಕೊಡುತ್ತಿದ್ದವನು ಕೆಳಗಿನ ಇಸ್ತ್ರಿಯವನು. ಕಾಸಿ ಮುಗಿದ ಕೂಡಲೇ ಶೆಗಡಿಯನ್ನು ಹೊರಗೆ ಇಡಬೇಕು. ಆದರೆ ಪುಣೆಯಲ್ಲಿ ಆ ವಾರ ಮಳೆ ಬಿಟ್ಟಿರಲಿಲ್ಲ. ಲಂಗೋಟಿಗಳು ಒಣಗುತ್ತಿರಲಿಲ್ಲ. ಅವನ್ನು ಒಣಗಿಸಲು ಶೆಗಡಿ ಕೋಣೆಯಲ್ಲೇ ಉಳಿಯತೊಡಗಿತು.

ಎರಡು ದಿನಗಳಿಂದ ಅಕ್ಕ ತಲೆನೋವು ಎನ್ನುತ್ತಿದ್ದಳು.

"ಥಂಡಿ ಗಾಳಿ ಹೊಕ್ಕದ" ಎಂದಳು ಅವ್ವ. "ಬಾಣಂತಿ ಕಿವಿಗೆ ಗಾಳಿ ತಾಗಿದ್ರ ಜನ್ಮಕ್ಕ ಬಿಡೂದಿಲ್ಲ."

ಕಿಟಕಿಗೆ ಕೌದಿ ಕಟ್ಟಿದಳು. ತಲೆನೋವು ಹೆಚ್ಚಾಯಿತು. ಸಂದಿಗಳಿಗೆ ಪೇಪರ್ ತುರುಕು ಎಂದು ನನಗೆ ಹೇಳಿದಳು. ನಾನು ಮರಾಠಿ ಪೇಪರನ್ನು ಹರಿದು, ಸುತ್ತಿ, ಚಾಕುವಿನ ತುದಿಯಿಂದ ಒಂದೊಂದೇ ಸಂದಿಗೆ ಒತ್ತಿದೆ. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಗಾಳಿಯಾಡದಲ್ಲಿ ಕೆಂಡ ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಬಂದವಳು. ಕೋಣೆಯಲ್ಲಿ ಅಜವಾನದ ವಾಸನೆ ಎಷ್ಟು ಹಿತವಾಗಿತ್ತೆಂದರೆ, ಬೇರೇನಾದರೂ ಅಲ್ಲಿರಬಹುದು ಎಂದು ಅನ್ನಿಸಲೇ ಇಲ್ಲ.

ಆ ದಿನ ಕೂಸನ್ನು ನೋಡಲು ಡಾಕ್ಟರು ತಾವಾಗಿ ಬರುತ್ತೇನೆಂದಿದ್ದರು. ಶಿವಾಜಿನಗರದ ಬಸ್‌ ಸ್ಟ್ಯಾಂಡಿನಿಂದ ಅವರನ್ನು ಕರೆತಂದೆ. ಕೆಳಗೆ ಇಸ್ತ್ರಿಯವನು ತಡೆದು ಮರಾಠಿಯಲ್ಲಿ ಗೊಣಗಿದ. "ನಿಮ್ಮ ಅವ್ವ ಇವತ್ತು ಎರಡು ಸಲ ಕೆಂಡ ಒಯ್ದರು. ನನ್ನ ಗಿರಾಕಿಗಳು ಸುಕ್ಕು ಅಂಗಿಯಲ್ಲೇ ಆಫೀಸಿಗೆ ಹೋಗಲೇನು?"

ನಾನು ನಕ್ಕೆ. ಡಾಕ್ಟರು ನಗಲಿಲ್ಲ. ಮೊಣಕಾಲು ನೋವಿನ ಆ ಹೆಂಗಸು ಮೂರು ಮಹಡಿಯನ್ನು ನನಗಿಂತ ಮುಂದೆ ಹತ್ತಿದರು. ಮಳೆಯಲ್ಲಿ ನೆನೆದದ್ದಕ್ಕೆ ಅವಸರ ಎಂದುಕೊಂಡೆ.

ಬೆಲ್ ಒತ್ತಿದರೆ ಯಾರೂ ಬರಲಿಲ್ಲ. ನನ್ನ ಕೀಲಿಯಿಂದ ತೆಗೆದೆ. ಟಿವಿಯಲ್ಲಿ ಯಾರೋ ಅಡುಗೆ ಹೇಳಿಕೊಡುತ್ತಿದ್ದರು. ಅವ್ವನ ಚಹಾ ಕೆನೆಗಟ್ಟಿ ಹಾಗೇ ಇತ್ತು. ಆಮೇಲೆ ಆ ಕೋಣೆ, ಆ ನಿದ್ದೆ, ನನ್ನ ಪಿಸುಮಾತು.

ಮುಚ್ಚುತ್ತಿದ್ದ ಬಾಗಿಲಿಗೆ ಡಾಕ್ಟರು ಕಾಲು ಅಡ್ಡ ಇಟ್ಟರು. ಚಪ್ಪಲಿ ಬಿಡದೆ, ನಿಲ್ಲದೆ ಅವರು ಒಂದು ಮನೆಯೊಳಗೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಕೂಸು ಎತ್ತು. ಹೊರಗ ನಡಿ."

ದನಿ ಎತ್ತರಿಸಲೂ ಇಲ್ಲ. ನಾನು ಎತ್ತಿದೆ. ಬೆಚ್ಚಗಿತ್ತು, ಭಾರವಾಗಿತ್ತು, ಕೈಕಾಲು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಕೆನ್ನೆ ಕೆಂಪಗೆ, ದೃಷ್ಟಿ ತಾಗುವಷ್ಟು ಚೆಂದ. ಬಾಗಿಲಲ್ಲಿ ನಿಂತಾಗ ನಾನು ಅದನ್ನೂ ನೋಡಿದ್ದೆ. ಕೂಸಿಗೆ ಬಣ್ಣ ಬಂತು ಎಂದು ಖುಷಿಪಟ್ಟಿದ್ದೆ. ಆ ವಿಷಗಾಳಿ ರಕ್ತಕ್ಕೆ ಸೇರಿದರೂ ಕೆನ್ನೆ ಹಾಗೆ ಕೆಂಪೇರುತ್ತದೆ ಎಂದು ಡಾಕ್ಟರು ಹೇಳಿದ್ದು ಆಮೇಲೆ.

ಹಿಂದೆ ಕೌದಿ ಹರಿದ ಸದ್ದು. ಪಕ್ಕದ ಮನೆಯವರು ಬಂದು ಅಕ್ಕನನ್ನು ಹೊತ್ತು ತಂದರು, ಡಾಕ್ಟರು ಅವ್ವನನ್ನು ಕಂಕುಳಲ್ಲಿ ಹಿಡಿದು ಎಳೆದು ತಂದರು. ಮೆಟ್ಟಿಲ ಮೇಲೆ ಮಳೆಯ ಎರಚಲು ಬೀಳುತ್ತಿತ್ತು. ಬಾಣಂತಿಗೆ ತಾಗಬಾರದ ಗಾಳಿ ಅದೇ. ಡಾಕ್ಟರು ಕೂಸಿನ ಅಂಗಾಲಿಗೆ ಬೆರಳಿನಿಂದ ಹೊಡೆಯುತ್ತ ಕೂತರು. ಒಮ್ಮೆ, ಮತ್ತೊಮ್ಮೆ. ಆ ಮುಖ ಮಾತ್ರ ಹಾಗೇ ಚೆಂದವಾಗಿಯೇ ಇತ್ತು. ಎಷ್ಟೋ ಹೊತ್ತಿನ ಮೇಲೆ ತುಟಿ ಸೊಟ್ಟಗಾಯಿತು. ಬೆಕ್ಕಿನಂಥ ತೆಳ್ಳನೆಯ ಅಳು ಬಂತು. ಅಷ್ಟರಲ್ಲಿ ಆಂಬ್ಯುಲೆನ್ಸ್ ಬಂತು, ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮೂವರೂ ಉಳಿದರು.

ಮೂವರೂ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಡಾಕ್ಟರು ಮತ್ತೆ ಬಂದರು. ಎಂದಿನಂತೆ ಹೊಸ್ತಿಲ ಹೊರಗೆ ನಿಂತು ನೋಡಿದರು. ಆಮೇಲೆ ಕೂತು, ಬ್ಯಾಗಿನಿಂದ ಫಾರ್ಮ್ ತೆಗೆದು ನನ್ನ ಕೈಗೆ ಕೊಟ್ಟರು.

"ಬರಿ. ಒಲಿ ಯಾವುದ್ರಿ, ಅವ್ವಾರ?"

"ಗ್ಯಾಸ್ ರೀ" ಎಂದಳು ಅವ್ವ. "ಮತ್ತ ಶೆಗಡಿ."

"ಬಾಣಂತಿ ಕ್ವಾಣ್ಯಾಗ ಕಿಟಕಿ?"

"ಒಂದು."

"ತಗದಿರ್ತದೇನು?"

ಅವ್ವ ನನ್ನನ್ನು ನೋಡಿದಳು. ಪೆನ್ನು ನನ್ನ ಕೈಯಲ್ಲಿತ್ತು. ಸಂದಿಯಲ್ಲಿ ನಾನು ಒತ್ತಿದ ಪೇಪರಿನ ಚೂರು ಇನ್ನೂ ಹಾಗೇ ಕಾಣುತ್ತಿತ್ತು.

ಆ ಕೂಸು ಈಗ ಶಾಲೆಗೆ ಹೋಗುವ ಹುಡುಗಿ. ಆಡಿ ಬಂದು ಮಧ್ಯಾಹ್ನ ಮಲಗಿದಾಗ ಅವಳ ಕೆನ್ನೆ ಕೆಂಪಾಗುತ್ತದೆ. ಕಿಟಕಿಗಳೆಲ್ಲ ತೆರೆದಿರುತ್ತವೆ, ನಾನೇ ತೆರೆದಿರುತ್ತೇನೆ. ಆದರೂ ಹೊಸ್ತಿಲಲ್ಲಿ ನಿಂತು ಕಾಯುತ್ತೇನೆ, ಆಮೇಲೆ ಒಳಗೆ ಹೋಗಿ ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ಹೊಡೆಯುತ್ತೇನೆ.

"ಮಾವಶಿ, ಮತ್ತ ಎಬ್ಬಿಸಿದಿ" ಎಂದು ಅವಳು ಕಾಲು ಝಾಡಿಸುತ್ತಾಳೆ. "ಮಲಗಲಿಕ್ಕೆ ಬಿಡು."

ನಾನು ಬಿಡುವುದಿಲ್ಲ. ಒಮ್ಮೆಯಾದರೂ ಕಣ್ಣು ಬಿಟ್ಟು ನನ್ನನ್ನು ಬೈಯುವ ತನಕ ಅಲ್ಲಿಯೇ ಕೂತಿರುತ್ತೇನೆ.